ಗುಜ್ಜೆಯ ಊಟ

ಕಳೆದ ವಾರ ಸಂತೆಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ಹಿಂದಿನಿಂದ “ಮಾಸ್ಟ್ರೇ, ನಮಸ್ಕಾರ” ಎಂಬ ಧ್ವನಿ ಕೇಳಿಸಿತು. ತಿರುಗಿ ನೋಡಿದರೆ ಹಳೆಯ ಶಿಷ್ಯನೊಬ್ಬ. ತಲೆ ಅರ್ಧ ನರೆತಿದೆ. ಆದರೂ ನನ್ನೆದುರು ನಿಂತಾಗ ಕೈಚೀಲವನ್ನು ಬೆನ್ನ ಹಿಂದೆ ಹಿಡಿದುಕೊಳ್ಳುವ ವಿನಯ ಇನ್ನೂ ಉಳಿದಿದೆ. ಕುಶಲೋಪರಿಯ ನಂತರ ಅವನು ಸ್ವಲ್ಪ ಸಂಕೋಚದಿಂದಲೇ ವಿಷಯಕ್ಕೆ ಬಂದ. ಅವನ ಮಗನಿಗೆ ಹೆಡ್ಜ್‌ಹಾಗ್ ಸಾಕುವ ಹುಚ್ಚು ಹಿಡಿದಿದೆಯಂತೆ. ಬೆಂಗಳೂರಿನಲ್ಲಿ ಯಾರೋ ಮಾರುತ್ತಾರೆಂದು ಮೊಬೈಲಿನಲ್ಲಿ ನೋಡಿ ದಿನವೂ ತಂದೆಯ ಬೆನ್ನು ಬಿದ್ದಿದ್ದಾನಂತೆ.

“ನಿಮ್ಮ ಮೊಮ್ಮಗಳ ಮನೆಯಲ್ಲಿ ಒಂದು ಉಂಟಂತಲ್ಲ ಮಾಸ್ಟ್ರೇ. ಅದಕ್ಕೆ ತಿನ್ನಲಿಕ್ಕೆ ಎಂತ ಹಾಕುವುದು? ಮೊಸರನ್ನ ಆದೀತಾ?” ಎಂದು ಕೇಳಿದ.

ರಸ್ತೆಯ ಬದಿಯಲ್ಲಿ ನಿಂತು ಉತ್ತರಿಸುವ ಪ್ರಶ್ನೆ ಅದಾಗಿರಲಿಲ್ಲ. “ಬರೆಯುತ್ತೇನೆ, ಓದು” ಎಂದು ಹೇಳಿ ಬಂದೆ. ಅವನಿಗೆ ಕೊಟ್ಟ ಮಾತನ್ನು ಇಲ್ಲಿ ನಡೆಸುತ್ತಿದ್ದೇನೆ. ಉತ್ತರ ಅವನೊಬ್ಬನಿಗೆ ಮಾತ್ರ ಸಲ್ಲತಕ್ಕದ್ದಲ್ಲವಾದುದರಿಂದ ನೀವೆಲ್ಲರೂ ಓದಬೇಕೆಂದು ವಿನಂತಿ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನನ್ನ ಮಗ ಸಂಸಾರಸಹಿತ ಇಂಗ್ಲೆಂಡಿನ ರೆಡಿಂಗ್ ಎಂಬ ಪಟ್ಟಣದಲ್ಲಿದ್ದಾನೆ. 2023ರಲ್ಲಿ ಮೊಮ್ಮಗಳು ದೂರವಾಣಿಯಲ್ಲಿ, “ಅಜ್ಜ, ನಮ್ಮ ಮನೆಗೆ ಮುಳ್ಳುಹಂದಿ ಬಂದಿದೆ!” ಎಂದಳು. ನಾನು ಕೂಡಲೇ ಗುರುಪೀಠವನ್ನೇರಿ, “ಅದಕ್ಕೆ ಗೆಣಸು ಕೊಡು ಮಗಾ, ತೆಂಗಿನಕಾಯಿಯ ಹೋಳು ಕೊಡು, ಬೇರು-ನಾರು ಇದ್ದರೆ ಬಹಳ ಇಷ್ಟ” ಎಂದು ಉಪದೇಶಿಸಿದೆ. ನಾನು ಹೇಳಿದ್ದು ನಮ್ಮೂರ ಮುಳ್ಳುಹಂದಿಯ ವಿಷಯ. ತೋಟದ ಎಳೆಯ ತೆಂಗಿನ ಬುಡವನ್ನು ರಾತ್ರೋರಾತ್ರಿ ಕೊರೆದು, ಗೆಣಸು ಮರಗೆಣಸುಗಳನ್ನು ಅಗೆದು ತಿಂದು ಹೋಗುವ ಆ ಪ್ರಾಣಿ ಇಲಿ ಅಳಿಲುಗಳ ಬಳಗದ್ದು. ಬಾಚಿಹಲ್ಲಿನಿಂದ ಕಡಿದು ತಿನ್ನತಕ್ಕದ್ದು. ಹತ್ತು ಹದಿನೈದು ಕಿಲೋ ತೂಗತಕ್ಕದ್ದು. ಮೊಮ್ಮಗಳು ಹೇಳಿದ್ದು ಅಂಗೈಯಲ್ಲಿ ಹಿಡಿಸುವ, ಮುನ್ನೂರರಿಂದ ಆರುನೂರು ಗ್ರಾಂ ತೂಕದ ಬೇರೊಂದು ಜೀವಿಯನ್ನು. ಅದರ ಮೈಮೇಲೆ ಮುಳ್ಳಿರುವುದು ನಿಜ. ಆದರೆ ಅದಕ್ಕೂ ನಮ್ಮ ಮುಳ್ಳುಹಂದಿಗೂ ನಂಟಿಲ್ಲ, ಹಂದಿಗಂತೂ ಇಲ್ಲವೇ ಇಲ್ಲ. ಅದರ ಹತ್ತಿರದ ಸಂಬಂಧಿ ನಮ್ಮ ಮನೆಗಳ ಮೂಲೆಯಲ್ಲಿ ಕಿಚಕಿಚ ಎಂದು ಓಡುವ ಸುಂಡಿಲಿ.

ಹೆಸರು ಒಂದೇ ಆದ ಮಾತ್ರಕ್ಕೆ ಹೊಟ್ಟೆ ಒಂದೇ ಆಗುವುದಿಲ್ಲ. ಗೆಣಸು ಕೊರೆಯುವ ಪ್ರಾಣಿಯ ಊಟವನ್ನು ಹುಳು ಹಿಡಿಯುವ ಪ್ರಾಣಿಗೆ ನಾನು ಬಡಿಸಹೊರಟಿದ್ದೆ. ಪುಣ್ಯಕ್ಕೆ ಹುಡುಗಿ ಪುಸ್ತಕ ಓದಿ ತಿಳಿದುಕೊಂಡಿದ್ದಳು. “ಅಜ್ಜ, ಇದು ಆ ಮುಳ್ಳುಹಂದಿ ಅಲ್ಲ” ಎಂದು ನಕ್ಕಳು.

2024ರ ಮೇ ತಿಂಗಳಲ್ಲಿ ನಾನೂ ನನ್ನಾಕೆಯೂ ಅಲ್ಲಿಗೆ ಹೋದಾಗ ಆ ಪ್ರಾಣಿಯನ್ನು ಕಣ್ಣಾರೆ ಕಂಡೆವು. ಹಗಲೆಲ್ಲ ನಿದ್ದೆ; ಇರುಳಾದೊಡನೆ ಮೂಗನ್ನು ಆಡಿಸುತ್ತಾ ಸಂಚಾರ. ಮುಟ್ಟಹೋದರೆ ಮುದುಡಿ ಮುಳ್ಳಿನ ಉಂಡೆ. ಅದನ್ನು ನೋಡಿದೊಡನೆ ನನ್ನಾಕೆ, “ಅಯ್ಯೋ, ನಮ್ಮ ಹಿತ್ತಿಲಿನ ಗುಜ್ಜೆಯ ಹಾಗೇ ಉಂಟಲ್ಲ!” ಎಂದಳು. ಎಳೆಯ ಹಲಸಿನ ಕಾಯಿಗೂ ಅದಕ್ಕೂ ನಿಜಕ್ಕೂ ಅಷ್ಟು ಹೋಲಿಕೆ. ಅಲ್ಲಿಯವರೆಗೆ ಏನೋ ಒಂದು ಇಂಗ್ಲಿಷ್ ಹೆಸರಿದ್ದ ಆ ಪ್ರಾಣಿ ಅಂದಿನಿಂದ ‘ಗುಜ್ಜೆ’ಯಾಯಿತು.

ಗುಜ್ಜೆ ಆಫ್ರಿಕದ ಹುಲ್ಲುಗಾವಲಿನ ತಳಿ. ಅದರ ಪೂರ್ವಜರು ರಾತ್ರಿಯಿಡೀ ನಡೆದು ದುಂಬಿ, ಗೆದ್ದಲು, ಎರೆಹುಳು, ಮಿಡತೆ, ಬಸವನಹುಳು, ಸಿಕ್ಕಿದರೆ ಹಕ್ಕಿಯ ಮೊಟ್ಟೆ, ಉದುರಿದ ಹಣ್ಣಿನ ಚೂರು ಹೀಗೆ ಹತ್ತಾರು ಬಗೆಯನ್ನು ತಿಂದು ಬದುಕಿದವರು. ಒಂದೊಂದು ತುತ್ತಿಗೂ ಅವರು ನಡೆದೇ ನಡೆಯಬೇಕಿತ್ತು. ಪಂಜರದೊಳಗಿನ ಗುಜ್ಜೆಗೆ ಆ ವೈವಿಧ್ಯವೂ ಇಲ್ಲ, ನಡಿಗೆಯೂ ಇಲ್ಲ. ಎರಡನ್ನೂ ಸಾಕುವವರೇ ಒದಗಿಸಬೇಕು. ಅದರ ಊಟದ ಕಷ್ಟವೆಲ್ಲ ಇಲ್ಲಿಂದಲೇ ಆರಂಭವಾಗುತ್ತದೆ.

ಮೊಮ್ಮಗಳು ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದಳು. ನಾನು ಅದನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದೇನೆ. ಮುಖ್ಯ ಊಟ ದಿನಕ್ಕೆ ಒಂದರಿಂದ ಎರಡು ದೊಡ್ಡ ಚಮಚದಷ್ಟು ಒಣ ಆಹಾರ. ಅದು ಹೆಡ್ಜ್‌ಹಾಗ್‌ಗೆಂದೇ ಮಾಡಿದ್ದಾಗಬೇಕು, ಇಲ್ಲವೇ ಬೆಕ್ಕಿಗಾಗಿ ಮಾಡಿದ ಉತ್ತಮ ದರ್ಜೆಯದ್ದಾಗಬೇಕು. ಅದರಲ್ಲಿ ಪ್ರೋಟೀನು ಶೇಕಡಾ 30ರಿಂದ 35ರಷ್ಟಿರಬೇಕು, ಕೊಬ್ಬು ಶೇಕಡಾ 15ನ್ನು ಮೀರಬಾರದು. ಅದರ ಜೊತೆಗೆ ಕೆಲವು ಜೀವಂತ ಹುಳುಗಳು. ಹುಳುವಿನ ಮೈಯ ಗಟ್ಟಿ ಚಿಪ್ಪು ಈ ಪ್ರಾಣಿಗೆ ನಾರಿನ ಕೆಲಸ ಮಾಡುತ್ತದೆ. ನಮಗೆ ಸೊಪ್ಪು ಹೇಗೋ ಅದಕ್ಕೆ ಹಾಗೆ. ವಾರದಲ್ಲಿ ಒಂದೆರಡು ಸಲ ಉಪ್ಪು, ಖಾರ, ಎಣ್ಣೆ ಯಾವುದೂ ಇಲ್ಲದೆ ಬೇಯಿಸಿದ ಕೋಳಿಮಾಂಸದ ಅಥವಾ ಮೊಟ್ಟೆಯ ಚೂರು. ಒಂದು ಸಣ್ಣ ಚಮಚದಷ್ಟು ಬೆಂದ ಕ್ಯಾರೆಟ್, ಸಿಹಿಗುಂಬಳ ಅಥವಾ ಸೇಬಿನ ಹೋಳು. ಅದೂ ರುಚಿಗೆ ಮಾತ್ರ. ಕುಡಿಯಲು ದಿನವೂ ಹೊಸ ನೀರು.

ಪಟ್ಟಿಯ ಕೆಳಭಾಗದಲ್ಲಿ ಕೆಂಪು ಅಕ್ಷರದಲ್ಲಿ ಬರೆದದ್ದು ಕೊಡಬಾರದ ವಸ್ತುಗಳು: ಹಾಲು, ದ್ರಾಕ್ಷಿ, ಒಣದ್ರಾಕ್ಷಿ, ನೀರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಚಾಕೊಲೇಟು. ನೆಲಗಡಲೆ, ಗೋಡಂಬಿಯಂಥವು ಅದರ ಅಂಗುಳಲ್ಲಿ ಸಿಕ್ಕಿಬಿದ್ದು ಪ್ರಾಣಕ್ಕೆ ಸಂಚಕಾರ ತರಬಹುದು. ಅಂಗಳದಲ್ಲಿ ಹಿಡಿದ ಹುಳುವನ್ನೂ ಕೊಡಬಾರದು. ಕೀಟನಾಶಕ ತಿಂದ ಹುಳುವಾಗಿದ್ದರೆ ವಿಷ ಇದಕ್ಕೂ ಏರುತ್ತದೆ. ಮಾರಾಟಕ್ಕೆಂದೇ ಸಾಕಿದ ಹುಳುಗಳನ್ನು ತಂದು, ಒಂದೆರಡು ದಿನ ಅವುಗಳಿಗೆ ಕ್ಯಾರೆಟ್ಟು, ಸೊಪ್ಪು ತಿನ್ನಿಸಿ, ಆಮೇಲೆ ಗುಜ್ಜೆಗೆ ಕೊಡಬೇಕು. ಹಸಿದ ಹುಳುವಿನಲ್ಲಿ ಸತ್ತ್ವವಿಲ್ಲವೆಂಬುದು ಇದರ ತಾತ್ಪರ್ಯ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ.

ನಮ್ಮದು ಮಾಂಸಾಹಾರ ಪ್ರವೇಶಿಸದ ಅಡುಗೆಮನೆ. ಸೊಸೆಯು ಹುಳುಗಳ ಡಬ್ಬಿಯನ್ನು ಕಾರು ನಿಲ್ಲಿಸುವ ಕೋಣೆಯಲ್ಲಿ ಇರಿಸಿದ್ದಳು. ಮೊದಲ ದಿನ ಆ ಡಬ್ಬಿಯ ಮುಚ್ಚಳ ತೆಗೆದಾಗ ನನಗೆ ಮೈ ಜುಮ್ಮೆಂದಿತು. ಮೀಲ್‌ವರ್ಮ್ ಎಂದು ಅವರು ಕರೆಯುವ ಆ ಹುಳುಗಳು ಧಾನ್ಯ, ಹಿಟ್ಟುಗಳಲ್ಲಿ ಬೆಳೆಯುವ ಒಂದು ಬಗೆಯ ದುಂಬಿಯ ಮರಿಗಳು. ಆದರೆ ಗುಜ್ಜೆ ನನ್ನ ಕೈಯಿಂದ ಮೊದಲ ಹುಳುವನ್ನು ಕಸಿದು ಕರುಂ ಕರುಂ ಎಂದು ಅಗಿದಾಗ, ಏನು ಹೇಳಲಿ, ನನ್ನ ಅಸಹ್ಯವೆಲ್ಲ ಮಾಯವಾಗಿ ಒಂದು ಬಗೆಯ ಹಿಗ್ಗು ಉಂಟಾಯಿತು. ಮುಳ್ಳೆಬ್ಬಿಸಿಕೊಂಡು ಎಲ್ಲರನ್ನೂ ದೂರವಿಡುವ ಪ್ರಾಣಿ ನನ್ನ ಕೈಗೆ ಮೂಗು ತಾಗಿಸುತ್ತದೆ! ಮರುದಿನದಿಂದ ಎಲ್ಲರೂ ಮಲಗಿದ ಮೇಲೆ ನಾನು ಮೆಲ್ಲನೆ ಎದ್ದು ಹೋಗಿ ಹತ್ತು, ಹದಿನೈದು ಹುಳುಗಳನ್ನು ಒಂದೊಂದಾಗಿ ತಿನ್ನಿಸತೊಡಗಿದೆ. ದಿನಾಲೂ ಬಟ್ಟಲಲ್ಲಿ ಒಣ ಆಹಾರ ಉಳಿಯತೊಡಗಿತು. ಪಾಯಸ ಸಿಗುತ್ತದೆಂದು ಗೊತ್ತಾದ ಮಗು ಅನ್ನ ಸಾರು ಬಿಡುವಂತೆ.

ಮೊಮ್ಮಗಳು ಪ್ರತಿ ಶನಿವಾರ ಗುಜ್ಜೆಯನ್ನು ಅಡುಗೆಯ ತಕ್ಕಡಿಯಲ್ಲಿರಿಸಿ ತೂಕವನ್ನು ಒಂದು ಪುಸ್ತಕದಲ್ಲಿ ಬರೆಯುತ್ತಿದ್ದಳು. ನಾವು ಹೋದಾಗ 420 ಗ್ರಾಂ ಇತ್ತು. ಆರು ವಾರಗಳಲ್ಲಿ 510ಕ್ಕೆ ಏರಿತು. ಒಂದು ಸಂಜೆ ಅದು ಬೆದರಿ ಉಂಡೆಯಾಗಲು ಹೋಯಿತು, ಆಗಲಿಲ್ಲ. ಕಂಕುಳ ಬಳಿ ಕೊಬ್ಬು ತುಂಬಿ, ಮುಖ ಹೊರಗೇ ಉಳಿಯಿತು. ಹುಡುಗಿ ಪುಸ್ತಕವನ್ನು ನೋಡಿದಳು, ಹುಳುವಿನ ಡಬ್ಬಿಯನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು ನೋಡಿದಳು. ಹನ್ನೊಂದು ವರ್ಷದ ಮಗುವಿನ ಮುಂದೆ ನಾನು ಮನೆಪಾಠ ಮಾಡದೆ ಬಂದ ಹುಡುಗನಂತೆ ತಲೆತಗ್ಗಿಸಿ ನಿಂತೆ.

ಪಶುವೈದ್ಯರು ಬಹಳ ಸೌಜನ್ಯದಿಂದ ವಿವರಿಸಿದರು. ಆ ಹುಳುಗಳಲ್ಲಿ ಕೊಬ್ಬು ಜಾಸ್ತಿ. ರಂಜಕ ಜಾಸ್ತಿ, ಸುಣ್ಣದ ಅಂಶ ಬಹಳ ಕಡಿಮೆ. ಅದನ್ನೇ ತಿಂದರೆ ಮೈ ಉಬ್ಬುತ್ತದೆ, ಪಿತ್ತಜನಕಾಂಗದಲ್ಲಿ ಕೊಬ್ಬು ಸೇರುತ್ತದೆ, ಕಾಲಕ್ರಮೇಣ ಎಲುಬು ದುರ್ಬಲವಾಗುತ್ತದೆ. ಸಾಕಿದ ಹೆಡ್ಜ್‌ಹಾಗ್‌ಗಳಲ್ಲಿ ಬೊಜ್ಜು ಬಹಳ ಸಾಮಾನ್ಯವಾದ ತೊಂದರೆಯಂತೆ. ಹುಳುಗಳನ್ನು ಎರಡು ದಿನಕ್ಕೊಮ್ಮೆ ಎರಡು ಮೂರಕ್ಕೆ ಇಳಿಸಿ, ಬದಲಿಗೆ ಕೊಬ್ಬು ಕಡಿಮೆಯಿರುವ ಚಿಮ್ಮಂಡೆಯನ್ನು (ರಾತ್ರಿ ಹೊತ್ತು ಕಿರ್ ಎನ್ನುವ ಕೀಟ) ಕ್ಯಾಲ್ಸಿಯಂ ಪುಡಿ ಸವರಿ ಕೊಡಿ, ಓಡುವ ಚಕ್ರವನ್ನು ದಿನವೂ ಇಡಿ ಎಂದರು. ಆಹಾರವನ್ನು ಒಮ್ಮೆಲೇ ನಿಲ್ಲಿಸಬಾರದು, ಹಸಿವಿನಿಂದಲೂ ಪಿತ್ತಜನಕಾಂಗ ಕೆಡುತ್ತದೆ ಎಂದೂ ಎಚ್ಚರಿಸಿದರು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಿಮಗೆಲ್ಲ ನಾನೇ ಕಲಿಸಿದ್ದೇನೆ. ವಿಸ್ತರಿಸಿ ಬರೆಯಿರಿ ಎಂದು ಪರೀಕ್ಷೆಯಲ್ಲೂ ಕೇಳಿದ್ದೇನೆ. ಆದರೆ ಪಂಜರದ ಜೀವಿಗೆ ಊಟವನ್ನು ಬಲ್ಲ ಸ್ವಾತಂತ್ರ್ಯವೇ ಇಲ್ಲ. ಅದರ ಪರವಾಗಿ ಉಣಿಸುವವನು ಬಲ್ಲವನಾಗಿರಬೇಕು. ನಾನು ಆ ಆರು ವಾರ ಗುಜ್ಜೆಯ ಹಸಿವಿಗೆ ಉಣಿಸಲಿಲ್ಲ. ಕೈಗೆ ಅದರ ಮೂಗು ತಾಗುವ ನನ್ನ ಸುಖಕ್ಕೆ ಉಣಿಸಿದೆ. ಪ್ರೀತಿ ಎಂದು ನಾವು ಹೇಳಿಕೊಳ್ಳುವುದರಲ್ಲಿ ಎಷ್ಟು ಪಾಲು ಇಂಥದ್ದು ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈ ಯೋಚನೆ ನನ್ನನ್ನು ಬಹಳ ಹಿಂದಕ್ಕೆ ಒಯ್ದಿತು. 1986ರ ಮಳೆಗಾಲ. ನಮ್ಮ ಐದನೆಯ ತರಗತಿಯ ಹುಡುಗನೊಬ್ಬ ಮುಟ್ಟಾಳೆಯೊಳಗೆ ಏನನ್ನೋ ಮುಚ್ಚಿಕೊಂಡು, ತಾನು ನೆನೆಯುತ್ತಾ ಶಾಲೆಗೆ ಬಂದ. ಗಾಳಿಗೆ ಬಿದ್ದ ತೆಂಗಿನ ಹೆಡೆಯ ಜೊತೆ ಕೆಳಗೆ ಬಿದ್ದಿದ್ದ, ಕಣ್ಣು ಬಿಡದ ಅಳಿಲಿನ ಮರಿ. ನಾನು ಇಡೀ ತರಗತಿಯನ್ನು ಸುತ್ತ ನಿಲ್ಲಿಸಿ, ಹಸುವಿನ ಹಾಲು ತರಿಸಿ, ಹತ್ತಿಯ ಬತ್ತಿಯಿಂದ ಅದರ ಬಾಯಿಗೆ ಹಿಂಡುವುದನ್ನು ತೋರಿಸಿಕೊಟ್ಟೆ. “ಹಾಲು ಅಮೃತ, ಬೇಕಾದಷ್ಟು ಕುಡಿಸು” ಎಂದೆ. ಹುಡುಗ ರಾತ್ರಿ ನಿದ್ದೆಗೆಟ್ಟು ಕುಡಿಸಿದ. ಮೂರನೆಯ ದಿನ ಹೊಟ್ಟೆ ಉಬ್ಬಿ, ಭೇದಿಯಾಗಿ ಮರಿ ಸತ್ತಿತು. ಅಳುತ್ತಿದ್ದ ಅವನಿಗೆ, “ತಾಯಿಯಿಲ್ಲದ ಮರಿ, ಅದರ ಹಣೆಯಲ್ಲಿ ಅಷ್ಟೇ ಬರೆದಿತ್ತು” ಎಂದು ಸಮಾಧಾನ ಹೇಳಿದೆ.

ಹಣೆಯಲ್ಲಿ ಬರೆದದ್ದಲ್ಲ. ಹಸುವಿನ ಹಾಲು ಕರುವಿಗೆಂದು ಆದದ್ದು. ಅಳಿಲಿನ ಮರಿಯ ಕರುಳಿಗೆ ಅದು ಜೀರ್ಣವಾಗುವುದಿಲ್ಲ. ಮೊದಲು ಮರಿಯ ಮೈಯನ್ನು ಬೆಚ್ಚಗೆ ಮಾಡಬೇಕಿತ್ತು. ಸಾಧ್ಯವಾದರೆ ಅದೇ ಮರದ ಬುಡದಲ್ಲಿಟ್ಟು ತಾಯಿ ಬಂದು ಒಯ್ಯುವುದೋ ಎಂದು ದೂರದಿಂದ ಕಾಯಬೇಕಿತ್ತು. ಇದನ್ನು ನಾನು ತಿಳಿದದ್ದು ನಿವೃತ್ತನಾದ ಮೇಲೆ. ಆ ಹುಡುಗ ಮತ್ತೆಂದೂ ನನ್ನ ಬಳಿ ಯಾವ ಪ್ರಾಣಿಯನ್ನೂ ತರಲಿಲ್ಲ. ತನ್ನಿಂದಲೇ ಏನೋ ತಪ್ಪಾಯಿತೆಂದು ಅವನು ಭಾವಿಸಿದ್ದನೇನೋ. ಅವನು ಈಗ ಎಲ್ಲಿದ್ದಾನೋ, ಈ ಬರಹ ಅವನ ಕಣ್ಣಿಗೆ ಬಿದ್ದರೆ ತಿಳಿಯಲಿ: ತಪ್ಪು ನಿನ್ನದಲ್ಲ ಮಗಾ, ನಿನ್ನ ಮಾಸ್ಟ್ರದು.

ಹಾಲಿನ ವಿಷಯದಲ್ಲಿ ಮೋಸಹೋದವರು ನಾವು ಮಾತ್ರವಲ್ಲವೆಂಬುದು ರೆಡಿಂಗಿನಲ್ಲಿ ತಿಳಿಯಿತು. ಅಲ್ಲಿಯ ಹಿತ್ತಿಲುಗಳಿಗೆ ರಾತ್ರಿ ಹೊತ್ತು ಆ ದೇಶದ್ದೇ ಆದ, ಯಾರೂ ಸಾಕದ ಹೆಡ್ಜ್‌ಹಾಗ್‌ಗಳು ಬರುತ್ತವೆ. ತಲೆಮಾರುಗಳ ಕಾಲ ಅಲ್ಲಿಯ ಅಜ್ಜಿಯರು ಅವುಗಳಿಗೆ ತಟ್ಟೆಯಲ್ಲಿ ಹಾಲು ಬ್ರೆಡ್ಡು ಇಡುತ್ತಿದ್ದರಂತೆ. ಅದನ್ನು ತಿಂದ ಪ್ರಾಣಿಗಳು ಭೇದಿಯಿಂದ ನರಳುತ್ತವೆಂದು ಈಗ ಎಲ್ಲರಿಗೂ ತಿಳಿದಿದೆ. 1982ರಲ್ಲಿ ಹುಟ್ಟಿದ ಬ್ರಿಟಿಷ್ ಹೆಡ್ಜ್‌ಹಾಗ್ ಪ್ರಿಸರ್ವೇಶನ್ ಸೊಸೈಟಿ ಎಂಬ ಸಂಸ್ಥೆ, ಹಾಲು ಬ್ರೆಡ್ಡು ಬೇಡ, ಮಾಂಸದಿಂದ ಮಾಡಿದ ನಾಯಿ ಬೆಕ್ಕಿನ ಆಹಾರವನ್ನೂ ನೀರನ್ನೂ ಇಡಿ ಎಂದು ಹೇಳುತ್ತಾ ಬಂದಿದೆ. ಪಕ್ಕದ ಮನೆಯ ವೃದ್ಧೆ ಹಾಗೆಯೇ ಇಡುತ್ತಿದ್ದರು. 2024ರ ಅಕ್ಟೋಬರಿನಲ್ಲಿ ಯುರೋಪಿನ ಹೆಡ್ಜ್‌ಹಾಗ್‌ಗಳನ್ನು ಅಪಾಯದ ಅಂಚಿಗೆ ಸಮೀಪಿಸುತ್ತಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತೆಂಬ ಸುದ್ದಿಯನ್ನು ಓದಿದಾಗ ನನಗೆ ಆ ವೃದ್ಧೆಯ ತಟ್ಟೆ ನೆನಪಾಯಿತು.

ಇನ್ನು ಒಂದು ಸೂಕ್ಷ್ಮ ವಿಷಯ. ನಮ್ಮ ಬಂಧುಗಳಲ್ಲಿ ಕೆಲವರು ಈ ಕಥೆ ಕೇಳಿ, “ಮನೆಯಲ್ಲಿ ಹುಳು ಕೊಲ್ಲಿಸುವುದಕ್ಕಿಂತ ಅದಕ್ಕೇ ಸಸ್ಯಾಹಾರ ಅಭ್ಯಾಸ ಮಾಡಿಸಬಹುದಿತ್ತಲ್ಲ?” ಎಂದು ಕೇಳಿದರು. ಅವರ ದಯೆಯನ್ನು ನಾನು ಗೌರವಿಸುತ್ತೇನೆ, ಅಭಿಪ್ರಾಯವನ್ನು ಒಪ್ಪಲಾರೆ. ನಮ್ಮ ತಾಯಿಯೂ ಬೆಕ್ಕಿಗೆ ಮೊಸರನ್ನವನ್ನೇ ಕಲಸಿ ಇಡುತ್ತಿದ್ದರು. ಅದು ನಾಲ್ಕು ತುತ್ತು ತಿಂದು, ಬೇಲಿ ದಾಟಿ ನೆರೆಮನೆಯ ಬಾಯಮ್ಮನ ಹಿತ್ತಿಲಿಗೆ ಹೋಗಿ ಬೂತಾಯಿ ಮೀನಿನ ತಲೆ ತಿಂದು ಬರುತ್ತಿತ್ತು. ನಮ್ಮ ಬೆಕ್ಕು ಮೊಸರನ್ನದಲ್ಲೇ ಬದುಕಿದೆಯೆಂದು ನಾವು ಹೆಮ್ಮೆಪಡುತ್ತಿದ್ದೆವು. ಅದನ್ನು ಬದುಕಿಸಿದವರು ಬಾಯಮ್ಮ. ಟಾರಿನ್ ಎಂಬ ಪದಾರ್ಥ ಮಾಂಸ ಮೀನುಗಳಲ್ಲಿ ಮಾತ್ರ ಧಾರಾಳವಾಗಿ ಉಂಟು. ಅದು ಸಾಲದೆ ಹೋದರೆ ಬೆಕ್ಕಿನ ಕಣ್ಣು ಮಂಜಾಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಹೃದಯದ ಈ ವಿಷಯವನ್ನು ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಪ್ರಕಟಿಸಿದ್ದು 1987ರಲ್ಲಿ. ಬಾಯಮ್ಮನಿಗೆ ಅದಕ್ಕೂ ಮೊದಲೇ ಗೊತ್ತಿತ್ತು!

ನಾನು ಸಸ್ಯಾಹಾರಿಯಾಗಿರುವುದು ನನ್ನ ಆಯ್ಕೆ, ನನ್ನ ಸಂಸ್ಕಾರ. ಆಯ್ಕೆಯೇ ಇಲ್ಲದ ಪ್ರಾಣಿಯ ಮೇಲೆ ಅದನ್ನು ಹೊರಿಸಿದರೆ ಅದು ಅಹಿಂಸೆಯಾಗುವುದಿಲ್ಲ, ನಿಧಾನವಾದ ಹಿಂಸೆಯಾಗುತ್ತದೆ. ಹುಳು ಮುಟ್ಟಲಾರೆ, ಮಾಂಸ ತರಲಾರೆ ಎನ್ನುವವರು ಹೆಡ್ಜ್‌ಹಾಗ್ ಸಾಕದಿರುವುದೇ ನಿಜವಾದ ದಯೆ. ಅಂಥವರಿಗೆ ಮೊಲವಿದೆ, ಹಸುವಿದೆ. ಅವುಗಳಿಗೂ ಹುಲ್ಲನ್ನೇ ಹಾಕಬೇಕು. ಸಮಾರಂಭದಲ್ಲಿ ಉಳಿದ ಅನ್ನವನ್ನು ಪುಣ್ಯವೆಂದು ಹಸುವಿನ ಮುಂದೆ ಸುರಿದರೆ ಹೊಟ್ಟೆಯಲ್ಲಿ ಹುಳಿಯೇರಿ ಅದು ಮಲಗಿಬಿಡುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು, ಚಿಪ್ಸ್ ಎಸೆಯುವವರಿಗೂ ನನ್ನದು ಇದೇ ಮಾತು. ಆ ಮಂಗ ಕಾಡಿನ ಹಣ್ಣು ಹುಡುಕುವುದನ್ನು ಬಿಟ್ಟು ರಸ್ತೆಯಲ್ಲಿ ಕುಳಿತಿರುತ್ತದೆ, ಮುಂದಿನ ವಾಹನದ ಚಕ್ರಕ್ಕೆ ಸಿಗುತ್ತದೆ. ಎಸೆದವರು ಆಗ ಅಲ್ಲಿರುವುದಿಲ್ಲ.

ಈಗ ನನ್ನ ಶಿಷ್ಯನ ಪ್ರಶ್ನೆಗೆ ನೇರ ಉತ್ತರ. ಮೊಸರನ್ನ ಆಗದು. ನಮ್ಮ ದೇಶದಲ್ಲೂ ಹೆಡ್ಜ್‌ಹಾಗ್‌ಗಳಿವೆ. ರಾಜಸ್ಥಾನ ಗುಜರಾತಿನ ಮರುಭೂಮಿಯಲ್ಲಿ, ತಮಿಳುನಾಡು ಆಂಧ್ರದ ಒಣನೆಲದಲ್ಲಿ. ಅವು ವನ್ಯಜೀವಿಗಳು, ಹಿಡಿಯುವುದಕ್ಕೂ ಸಾಕುವುದಕ್ಕೂ ಕಾನೂನಿನ ಅಡ್ಡಿಯಿದೆ. ಮಾರುವವನು ಇದು ಆಫ್ರಿಕದ ತಳಿಯೆಂದು ಹೇಳಿದರೆ ದಾಖಲೆ ಕೇಳು, ಅರಣ್ಯ ಇಲಾಖೆಯಲ್ಲಿ ವಿಚಾರಿಸು. ಆಮೇಲೂ ಮಗನಿಗೆ ಮೂರು ಪ್ರಶ್ನೆ ಹಾಕು. ಈ ಪ್ರಾಣಿಯನ್ನು ಬಲ್ಲ ಪಶುವೈದ್ಯರು ನಮಗೆ ಎಟಕುವ ದೂರದಲ್ಲಿದ್ದಾರೆಯೇ? ವರ್ಷವಿಡೀ ಒಳ್ಳೆಯ ಹುಳು ದೊರೆಯುವುದೇ? ನಾಲ್ಕೈದು ವರ್ಷ ಬಾಳುವ ಜೀವಿಗೆ ಪ್ರತಿ ರಾತ್ರಿ ಅಳತೆಯಿಂದ ಬಡಿಸುವ, ಪ್ರತಿ ವಾರ ತೂಗುವ ತಾಳ್ಮೆ ನಿನಗಿದೆಯೇ? ಮೂರಕ್ಕೂ ‘ಹೌದು’ ಎಂಬ ಉತ್ತರ ಬಾರದಿದ್ದರೆ, ಸ್ವರ್ಣಾ ನದಿಯ ದಂಡೆಗೆ ಅವನನ್ನು ಸಂಜೆ ಕರೆದುಕೊಂಡು ಹೋಗು. ಅಲ್ಲಿಯ ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆಗಳು ತಮ್ಮ ಊಟವನ್ನು ತಾವೇ ಬಲ್ಲವು. ಅವುಗಳನ್ನು ನೋಡಿ ಕಲಿಯುವುದಕ್ಕೆ ಪಂಜರ ಬೇಡ, ಚಮಚ ಬೇಡ.

ಗುಜ್ಜೆ ಕುಶಲವಾಗಿದೆ. ನಾವು ಮರಳಿದ ಮೇಲೆ ನಾಲ್ಕು ತಿಂಗಳಲ್ಲಿ ನಿಧಾನವಾಗಿ 440 ಗ್ರಾಮಿಗೆ ಇಳಿಯಿತು. ಈಗ ಪೂರ್ತಿ ಉಂಡೆಯಾಗುತ್ತದೆ. ಮೊಮ್ಮಗಳು ಇಂದಿಗೂ ಶನಿವಾರದ ತೂಕವನ್ನು ನನಗೆ ವಾಟ್ಸಾಪಿನಲ್ಲಿ ಕಳುಹಿಸುತ್ತಾಳೆ. ಕೆಳಗೆ ಒಂದು ಸಾಲು ಬರೆದಿರುತ್ತಾಳೆ: “ಅಜ್ಜ, ಈ ವಾರ ನಾಲ್ಕೇ ಹುಳು.” ನಾನು ‘ಸರಿ’ ಎಂದು ಉತ್ತರಿಸುತ್ತೇನೆ. ಒಂದು ಕಾಲದಲ್ಲಿ ನಿಮ್ಮ ಪುಸ್ತಕಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದವನಿಗೆ ಈಗ ಹಾಕಲು ಉಳಿದಿರುವ ‘ಸರಿ’ ಅದೊಂದೇ.

ಎಲ್ಲರಿಗೂ ಶುಭವಾಗಲಿ.